ತಿಳಿಯಾಗುವ ಮಬ್ಬು

ಆಪರೇಷನ್‌ಗೆ ಮುಂಚೆ ಡಾಕ್ಟರು ಬರೆದುಕೊಡುವ ಚೀಟಿಯಲ್ಲಿ ಸಕ್ಕರೆ, ಕ್ರಿಯಾಟಿನಿನ್, ಇಸಿಜಿಗಳ ನಡುವೆ ‘ಬಿ.ಟಿ., ಸಿ.ಟಿ.’ ಎಂಬ ಎರಡು ಜೋಡಿ ಅಕ್ಷರ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಗಾಯದಿಂದ ರಕ್ತ ಎಷ್ಟು ಹೊತ್ತು ಒಸರುತ್ತದೆ, ತೆಗೆದ ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ನೋಡುವುದು. ಬಿ.ಟಿ. ಮಾಡುವ ಕ್ರಮ ನನಗೆ ತುಂಬಾ ಇಷ್ಟ. ಬೆರಳ ತುದಿಗೋ ಕಿವಿಯ ಹಾಲೆಗೋ ಸೂಜಿ ತಾಗಿಸಿ, ಪ್ರತಿ 30 ಸೆಕೆಂಡಿಗೊಮ್ಮೆ ಫಿಲ್ಟರ್ ಕಾಗದದ ಅಂಚಿಗೆ ಹನಿಯನ್ನು ಹೀರಿಸುತ್ತಾರೆ. ಮೊದಲ ಚುಕ್ಕೆ ಅಗಲವಾಗಿ ಹರಡುತ್ತದೆ. ಎರಡನೆಯದು ಅದಕ್ಕಿಂತ ಚಿಕ್ಕದು, ಮೂರನೆಯದು ಇನ್ನೂ ಚಿಕ್ಕದು. ಹೀಗೆ ಕಿರಿದಾಗುತ್ತಾ ಬಂದು ಒಂದು ಸಲ ಕಾಗದ ಮುಟ್ಟಿಸಿದರೂ ಬೆಳ್ಳಗೇ ಉಳಿಯುತ್ತದೆ. ಅಲ್ಲಿಗೆ ಗಡಿಯಾರ ನಿಲ್ಲಿಸುವುದು. ಅಮೆರಿಕದ ವಿಲಿಯಂ ಡ್ಯೂಕ್ 1910ರಲ್ಲಿ ಇದೇ ಚುಕ್ಕೆಗಳ ಸಾಲು ಹಿಡಿದು, ಪ್ಲೇಟ್‌ಲೆಟ್ ಕಡಿಮೆಯಿದ್ದವರಲ್ಲಿ ಸಾಲು ಉದ್ದವಾಗುತ್ತದೆ, ಬೇರೆಯವರ ರಕ್ತ ಕೊಟ್ಟರೆ ಮೊಟಕಾಗುತ್ತದೆ ಎಂದು ತೋರಿಸಿದರು. ಒಂದು ಸೂಜಿ, ಒಂದು ಕಾಗದ, ಒಂದು ಗಡಿಯಾರ. ಇಷ್ಟರಲ್ಲೇ ಅಷ್ಟು ದೊಡ್ಡ ಮಾತು ಹೇಳಿಸಿದ ಜಾಣ್ಮೆಗೆ ತಲೆದೂಗಬೇಕು.

ಚೆಂದದ್ದೆಲ್ಲ ಕೆಲಸಕ್ಕೆ ಬರುತ್ತದೆ ಎಂದೇನೂ ಇಲ್ಲ. ಎಂಬತ್ತು ವರ್ಷ ಜಗತ್ತಿನ ಆಸ್ಪತ್ರೆಗಳನ್ನೆಲ್ಲ ಆಳಿದ ಈ ಪರೀಕ್ಷೆಯನ್ನು 1990ರಲ್ಲಿ ರಾಡ್ಜರ್ಸ್ ಮತ್ತು ಲೆವಿನ್ ಎಂಬಿಬ್ಬರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಜಾಲಾಡಿದರು. ಆಪರೇಷನ್ ಟೇಬಲ್ ಮೇಲೆ ಯಾರಿಗೆ ರಕ್ತ ಹೆಚ್ಚು ಹೋಗುತ್ತದೆ ಎಂಬುದನ್ನು ಇದು ಹೇಳಲಾರದು ಎಂಬ ತೀರ್ಮಾನಕ್ಕೆ ಬಂದರು. ಬೆರಳಿನ ಚರ್ಮದ ಕಥೆಯೇ ಬೇರೆ, ತೆರೆದ ಎದೆಗೂಡಿನ ಕಥೆಯೇ ಬೇರೆ. ಚಳಿ, ಚುಚ್ಚಿದ ಆಳ, ಚುಚ್ಚಿದವರ ಕೈ, ಎಲ್ಲವೂ ಆ ಚುಕ್ಕೆಗಳಲ್ಲಿ ಸೇರಿಬಿಡುತ್ತವೆ. ಎಷ್ಟೋ ದೇಶಗಳಲ್ಲಿ ಅದು ಮೂಲೆ ಸೇರಿತು. ನಮ್ಮ ಚೀಟಿಗಳಲ್ಲಿ ಇನ್ನೂ ಉಳಿದಿದೆ, ಅಭ್ಯಾಸದ ಬಲದಿಂದ.

ಈಗ ನಿಜವಾದ ತೊಡಕಿಗೆ ಬರೋಣ. ವಿಜಯನಗರದ ಮಗ್ಗುಲಿನ ನಮ್ಮ ಮಾರೇನಹಳ್ಳಿಯ ಯಾವ ಮೆಡಿಕಲ್ ಸ್ಟೋರಿನ ಮುಂದೆಯಾದರೂ ಸಂಜೆ ಹೊತ್ತು ಸ್ವಲ್ಪ ನಿಂತು ನೋಡಿ. ರಿಟೈರ್ ಆದ ಯಜಮಾನರು ಹಳೆಯ ಖಾಲಿ ಸ್ಟ್ರಿಪ್ ಅನ್ನೇ ಗುರುತಿಗೆ ತಂದು ಗಾಜಿನ ಮೇಲಿಡುತ್ತಾರೆ. ಇಕೋಸ್ಪ್ರಿನ್ 75, ಕ್ಲೋಪಿಡೊಗ್ರೆಲ್ 75, ಇಲ್ಲವೇ ಎರಡೂ ಸೇರಿದ ಒಂದೇ ಗುಳಿಗೆ. ಎದೆಯ ರಕ್ತನಾಳದಲ್ಲಿ ಸ್ಟೆಂಟ್ ಕೂತವರ ಗುರುತಿನ ಚೀಟಿ ಅದು. ಸ್ಟೆಂಟಿನ ಲೋಹದ ಜಾಲರಿಗೆ ಪ್ಲೇಟ್‌ಲೆಟ್‌ಗಳು ಅಂಟಿ ಗಡ್ಡೆಯಾಗಬಾರದು, ಅದಕ್ಕೆ ಮಾತ್ರೆ. ಅದೇ ಯಜಮಾನರಿಗೆ ನಾಳೆ ಪಿತ್ತಕೋಶದ ಕಲ್ಲು, ಪ್ರಾಸ್ಟೇಟ್, ಬೈಪಾಸ್ ಅಂತ ಏನಾದರೊಂದು ಬಂದರೆ ಸರ್ಜನ್ ಮೊದಲು ಕೇಳುವುದು ‘ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ದೀರಾ?’ ಎಂದು. ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಕೊಂಡೀತು ಎಂಬ ಭಯ, ನಿಲ್ಲಿಸದಿದ್ದರೆ ಹೊಲಿಗೆ ಹಾಕಿದಲ್ಲೆಲ್ಲ ರಕ್ತ ಜಿನುಗೀತು ಎಂಬ ಭಯ. ಪುಸ್ತಕ ಹೇಳುವ ಲೆಕ್ಕ ದಿನಗಳದ್ದು: ಕ್ಲೋಪಿಡೊಗ್ರೆಲ್ ಆದರೆ 5 ದಿನ ಮುಂಚೆ ಬಿಡಿ, ಪ್ರಾಸುಗ್ರೆಲ್ ಆದರೆ 7 ದಿನ, ಟಿಕಾಗ್ರೆಲಾರ್ ಆದರೆ 3ರಿಂದ 5 ದಿನ. ಈ ಲೆಕ್ಕ ಸರಾಸರಿ ಮನುಷ್ಯನಿಗೆ ಹೊಂದುತ್ತದೆ. ಎದುರಿಗೆ ಕೂತ ಈ ಮನುಷ್ಯನಿಗೆ ಹೊಂದುತ್ತದೆಯೇ ಎಂಬುದನ್ನು ಅವನ ಪ್ಲೇಟ್‌ಲೆಟ್‌ಗಳನ್ನೇ ಕೇಳಬೇಕು.

ಪ್ಲೇಟ್‌ಲೆಟ್ ಎಂಬ ಹೆಸರು ನಮ್ಮ ಬೀದಿಗಳಿಗೆ ಡೆಂಗಿಯ ಜೊತೆ ಬಂದದ್ದು. ಮಳೆ ಶುರುವಾದರೆ ‘ಕೌಂಟ್ ಎಷ್ಟು?’ ಎಂಬುದೇ ಕುಶಲ ಪ್ರಶ್ನೆ, ಪರಂಗಿ ಎಲೆಯ ರಸವೇ ಉಪಚಾರ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇದ್ದರೆ ಸರಿ ಎಂಬುದು ಎಲ್ಲರಿಗೂ ಬಾಯಿಪಾಠ. ಸ್ಟೆಂಟ್ ಹಾಕಿಸಿಕೊಂಡ ಯಜಮಾನರಿಗೆ ಆ ಲೆಕ್ಕದಿಂದ ಏನೂ ತಿಳಿಯದು. ಅವರ ಕೌಂಟ್ ಎರಡೂವರೆ ಲಕ್ಷ ಇರಬಹುದು, ಅಷ್ಟೂ ಪ್ಲೇಟ್‌ಲೆಟ್‌ಗಳು ಮಾತ್ರೆಯ ಮಂಪರಿನಲ್ಲಿ ಇರಬಹುದು. ಎಷ್ಟಿವೆ ಎನ್ನುವುದನ್ನು ಯಂತ್ರ ಒಂದು ನಿಮಿಷದಲ್ಲಿ ಎಣಿಸುತ್ತದೆ. ಕರೆದರೆ ಓಗೊಡುತ್ತವೆಯೇ ಎಂದು ನೋಡುವುದು ಬೇರೆಯೇ ವಿದ್ಯೆ.

ಅವುಗಳ ನಡವಳಿಕೆಯನ್ನು ಮೊದಲು ಕಣ್ಣಾರೆ ಕಂಡು ಹೇಳಿದ್ದು ಇಟಲಿಯ ಟ್ಯೂರಿನ್ ನಗರದ ಜೂಲಿಯೊ ಬಿಜೊಜೆರೊ, 1882ರಲ್ಲಿ. ಅವರಿಗಿಂತ ಮುಂಚೆ ಷುಲ್ಟ್ಸೆ, ಆಸ್ಲರ್ ಮುಂತಾದವರು ಈ ಕಣಗಳನ್ನು ನೋಡಿದ್ದುಂಟು. ಬಿಜೊಜೆರೊ ಅವರದು ನೋಡುವ ರೀತಿಯಲ್ಲೇ ಮೇಲುಗೈ. ಸತ್ತ ರಕ್ತವನ್ನು ಗಾಜಿನ ಮೇಲೆ ಸವರಿ ನೋಡುವ ಬದಲು, ಬದುಕಿದ್ದ ಗಿನಿಯಿಲಿಯ ಕರುಳಿನ ಪೊರೆಯನ್ನು ಸೂಕ್ಷ್ಮದರ್ಶಕದಡಿ ಹರಡಿ, ಹರಿಯುತ್ತಿರುವ ರಕ್ತದಲ್ಲೇ ಅವುಗಳನ್ನು ಹಿಂಬಾಲಿಸಿದರು. ರಕ್ತನಾಳದ ಗೋಡೆಗೆ ಏಟು ಬಿದ್ದಲ್ಲಿ ಅವು ಬಂದು ನಿಂತು, ಒಂದರ ಮೇಲೊಂದು ಕೂಡುವುದನ್ನು ಕಂಡರು. ಮೂರು ಮೈಕ್ರೋಮೀಟರ್ ಮುಟ್ಟದ ಚಪ್ಪಟೆ ಬಿಲ್ಲೆಗಳು. ಮೂಳೆಯ ಮಜ್ಜೆಯಲ್ಲಿ ಕುಳಿತ ದೈತ್ಯ ಕೋಶಗಳ ಮೈಯಿಂದ ಚೂರುಚೂರಾಗಿ ಕಳಚಿ ಬಂದವು. ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ಹೊಸದಾಗಿ ಹುಟ್ಟುತ್ತವೆ, ಏಳರಿಂದ ಹತ್ತು ದಿನ ಸುತ್ತಾಡಿ ಮುಗಿಯುತ್ತವೆ. ಅವಕ್ಕೆ ಕೋಶಕೇಂದ್ರವಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವು ಚಪ್ಪಟೆಯಾಗಿವೆ ಎಂಬುದನ್ನು ಸೂಕ್ಷ್ಮದರ್ಶಕವಿಲ್ಲದೆಯೂ ಕಾಣಬಹುದು. ಡೆಂಗಿ ಕಾಲದಲ್ಲಿ ರಕ್ತನಿಧಿಗೆ ಓಡಿದವರಿಗೆ ಆ ಹಳದಿ ಚೀಲ ಗೊತ್ತು. ಕೊಡುವ ಮುನ್ನ ಅಲ್ಲಿಯ ಟೆಕ್ನಿಷಿಯನ್ ಅದನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಒತ್ತಿ ತಿರುಗಿಸುತ್ತಾರೆ. ಒಳಗೆ ಹೊಳಪಿನ ಸುಳಿಗಳು ಏಳುತ್ತವೆ. ಮೈಸೂರು ರೇಷ್ಮೆಯ ಸೆರಗನ್ನು ಕಿಟಕಿಯ ಬಿಸಿಲಿಗೆ ತಿರುವಿದಾಗ ಬಣ್ಣ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಜಾರುತ್ತದಲ್ಲ, ಹಾಗೆ. ಕೋಟಿಗಟ್ಟಲೆ ಬಿಲ್ಲೆಗಳು ಹರಿವಿನ ಜೊತೆ ಒಮ್ಮೆಲೇ ಮಗ್ಗುಲು ಬದಲಿಸಿ ಬೆಳಕನ್ನು ಚೆದುರಿಸುವ ಪರಿ ಅದು. ಚೀಲವನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿದರೆ ಬಿಲ್ಲೆಗಳು ಉರುಟಾಗುತ್ತವೆ, ಸುಳಿ ಮಾಯ, ಬರೀ ಮಂಕು ದ್ರವ ಉಳಿಯುತ್ತದೆ. ಅದಕ್ಕೇ ಅವುಗಳನ್ನು 20ರಿಂದ 24 ಡಿಗ್ರಿಯಲ್ಲಿ, ಹಗಲಿರುಳು ತೂಗುವ ತಟ್ಟೆಗಳ ಮೇಲೆ ಇಡುವುದು. ಬರಿಗಣ್ಣಿಗೆ ಕಾಣುವ ಇಂಥ ಸೂಕ್ಷ್ಮ ವೈದ್ಯದಲ್ಲಿ ಅಪರೂಪ. ಆತಂಕದಲ್ಲಿ ಚೀಲಕ್ಕೆ ಕಾಯುವ ಮನೆಯವರು ಅದನ್ನು ನೋಡುವ ಸ್ಥಿತಿಯಲ್ಲಿ ಇರುವುದಿಲ್ಲ ಎಂಬುದೊಂದೇ ಬೇಸರ.

ಇನ್ನು ಮಾತ್ರೆಗಳ ಕೆಲಸ. ಆಸ್ಪಿರಿನ್ನಿನ ಗುಟ್ಟನ್ನು ಜಾನ್ ವೇನ್ 1971ರಲ್ಲಿ ಬಿಡಿಸಿದರು, 1982ರಲ್ಲಿ ನೊಬೆಲ್ ಹಂಚಿಕೊಂಡರು. ಪ್ಲೇಟ್‌ಲೆಟ್‌ನೊಳಗಿನ ಒಂದು ಕಿಣ್ವಕ್ಕೆ ಆಸ್ಪಿರಿನ್ ತನ್ನ ಮೈಯ ಒಂದು ಚೂರನ್ನು ಅಂಟಿಸಿ ಹೋಗುತ್ತದೆ. ಕಿಣ್ವ ಅಲ್ಲಿಗೆ ಬಂದ್. ಬೇರೆ ಕೋಶಗಳಾದರೆ ಕೋಶಕೇಂದ್ರದ ಆಣತಿಯಂತೆ ಹೊಸ ಕಿಣ್ವ ಮಾಡಿಕೊಳ್ಳುತ್ತವೆ. ಪ್ಲೇಟ್‌ಲೆಟ್‌ಗೆ ಆ ಅನುಕೂಲ ಇಲ್ಲ. ಬೆಳಗಿನ ತಿಂಡಿಯ ನಂತರ ನುಂಗಿದ 75 ಮಿಲಿಗ್ರಾಂ ಮಾತ್ರೆ ರಕ್ತದಿಂದ ಬೇಗನೆ ಕಾಣೆಯಾಗುತ್ತದೆ. ಅದು ಮುಟ್ಟಿದ ಪ್ಲೇಟ್‌ಲೆಟ್ ಮಾತ್ರ ಸಾಯುವತನಕ ಹಾಗೇ. ದಿನಕ್ಕೆ ಹತ್ತರಲ್ಲೊಂದು ಪಾಲು ಹೊಸ ಪ್ಲೇಟ್‌ಲೆಟ್ ಬರುವುದರಿಂದ, ಮಾತ್ರೆ ನಿಲ್ಲಿಸಿದ ಮೇಲೆ ಶಕ್ತಿ ಮರಳುವುದು ತಲೆಮಾರು ಬದಲಾದಂತೆ, ಸ್ವಲ್ಪಸ್ವಲ್ಪವೇ.

ಕ್ಲೋಪಿಡೊಗ್ರೆಲ್ ಕಥೆ ಇನ್ನೂ ಸ್ವಾರಸ್ಯ. ನುಂಗಿದ ಮಾತ್ರೆ ತಾನಾಗಿ ಏನೂ ಮಾಡದು. ಅದರಲ್ಲಿ ಸುಮಾರು 85 ಪಾಲು ಕೆಲಸಕ್ಕೆ ಬಾರದ ವಸ್ತುವಾಗಿ ಒಡೆದು ಹೋಗುತ್ತದೆ. ಉಳಿದ 15 ಪಾಲನ್ನು ಯಕೃತ್ತು ಎರಡು ಹಂತದಲ್ಲಿ ತಿದ್ದಿ ಮದ್ದಾಗಿಸುತ್ತದೆ. ಆ ಮದ್ದು ಪ್ಲೇಟ್‌ಲೆಟ್‌ನ ಮೇಲಿರುವ ಪಿ2ವೈ12 ಎಂಬ ದ್ವಾರವನ್ನು ಶಾಶ್ವತವಾಗಿ ಮುಚ್ಚುತ್ತದೆ. ಎಡಿಪಿ ಎಂಬ ಕರೆಯ ಕಣ ಬಂದು ತಟ್ಟುವ ಬಾಗಿಲು ಅದೇ. ತಿದ್ದುವ ಕೆಲಸದಲ್ಲಿ ದೊಡ್ಡ ಪಾಲು ಸಿವೈಪಿ2ಸಿ19 ಎಂಬ ಕಿಣ್ವದ್ದು. ಹುಟ್ಟಿನಿಂದಲೇ ಈ ಕಿಣ್ವ ಮಂದವಾಗಿರುವುದು ಭಾರತೀಯರಲ್ಲಿ ಸಾಮಾನ್ಯ ಸಂಗತಿ. ಅಂಥವರಿಗೆ ಮಾತ್ರೆ ಸರಿಯಾಗಿ ತಾಗದೇ ಹೋಗಬಹುದು ಎಂದು ಅಮೆರಿಕದ ಔಷಧ ಇಲಾಖೆ 2010ರಲ್ಲಿ ಮಾತ್ರೆಯ ಮಾಹಿತಿ ಪತ್ರದಲ್ಲೇ ಚೌಕಟ್ಟು ಕಟ್ಟಿದ ಎಚ್ಚರಿಕೆ ಹಾಕಿಸಿತು. ಹಾಗಾಗಿ ಒಂದೇ ವಠಾರದ ಇಬ್ಬರು ಒಂದೇ ಮಾತ್ರೆಯನ್ನು ಒಂದೇ ದಿನ ನಿಲ್ಲಿಸಿದರೂ, ಮೂರನೆಯ ದಿನ ಒಬ್ಬರ ಪ್ಲೇಟ್‌ಲೆಟ್ ಎದ್ದು ಕೂತಿರುತ್ತವೆ, ಇನ್ನೊಬ್ಬರದು ಮಲಗಿಯೇ ಇರುತ್ತವೆ. ಕ್ಯಾಲೆಂಡರ್ ಇಬ್ಬರಿಗೂ ಅದೇ 5 ದಿನ ಹೇಳುತ್ತದೆ.

ಈ ವ್ಯತ್ಯಾಸವನ್ನು ಕಣ್ಣಿಗೆ ಕಾಣಿಸಿದ ಪರೀಕ್ಷೆಗೆ ಬೆಂಗಳೂರಿನ ಒಂದು ದೂರದ ನಂಟಿದೆ. ಸರ್ ಸಿ.ವಿ. ರಾಮನ್ ಟಾಟಾ ಇನ್‌ಸ್ಟಿಟ್ಯೂಟ್‌ನ (ಭಾರತೀಯ ವಿಜ್ಞಾನ ಸಂಸ್ಥೆಯ) ನಿರ್ದೇಶಕರಾಗಿದ್ದ ಕಾಲದಲ್ಲಿ, ಹಿಟ್ಲರನ ಜರ್ಮನಿಯಿಂದ ಕೆಲಸ ಕಳೆದುಕೊಂಡು ಹೊರಬಿದ್ದಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಇಲ್ಲಿಗೆ ಕರೆಸಿಕೊಂಡರು. 1935-36ರಲ್ಲಿ ಬಾರ್ನ್ ಕೆಲವು ತಿಂಗಳು ಮಲ್ಲೇಶ್ವರದ ಆಚೆಯ ಆ ಆವರಣದಲ್ಲಿ ಪಾಠ ಹೇಳಿದರು. ಅವರನ್ನು ಇಲ್ಲೇ ಉಳಿಸಿಕೊಳ್ಳಬೇಕೆಂಬ ರಾಮನ್ ಆಸೆ ಸಂಸ್ಥೆಯ ಒಳಜಗಳದಲ್ಲಿ ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. ಅವರ ಮಗ ಗುಸ್ತಾವ್ ಅಲ್ಲಿಯೇ ವೈದ್ಯ ಓದಿದ. ಯುದ್ಧ ಮುಗಿದಾಗ ಸೈನ್ಯದ ವೈದ್ಯನಾಗಿ ಹಿರೋಷಿಮಾ ನೋಡಿದ. ಬಾಂಬಿನಿಂದ ಬದುಕುಳಿದವರು ಪ್ಲೇಟ್‌ಲೆಟ್ ಇಲ್ಲದೆ ರಕ್ತ ಸೋರಿ ನರಳುವುದನ್ನು ಕಂಡದ್ದು ಆತನ ಮುಂದಿನ ಬದುಕಿನ ದಾರಿಯನ್ನೇ ತಿರುಗಿಸಿತು.

1962ರಲ್ಲಿ ಲಂಡನ್ನಿನಲ್ಲಿದ್ದ ಗುಸ್ತಾವ್ ಬಾರ್ನ್ ‘ನೇಚರ್’ ಪತ್ರಿಕೆಯಲ್ಲಿ ಪುಟ್ಟದೊಂದು ಲೇಖನ ಬರೆದರು. ಅದಕ್ಕೆ ಒಂದು ವರ್ಷ ಮುಂಚೆ ನಾರ್ವೆಯ ಗಾರ್ಡರ್ ಮತ್ತು ಸಂಗಡಿಗರು, ಪ್ಲೇಟ್‌ಲೆಟ್‌ಗಳನ್ನು ಒಟ್ಟುಗೂಡಿಸುವ ಕರೆ ಎಡಿಪಿ ಎಂಬ ಸರಳ ವಸ್ತು ಎಂದು ಕಂಡುಹಿಡಿದಿದ್ದರು. ಬಾರ್ನ್ ಮಾಡಿದ್ದು ಇಷ್ಟೇ: ರಕ್ತವನ್ನು ನಿಧಾನಕ್ಕೆ ಗಿರಕಿ ಹೊಡೆಸಿದರೆ ಕೆಂಪು ಕಣ ತಳಕ್ಕಿಳಿದು, ಮೇಲೆ ಪ್ಲೇಟ್‌ಲೆಟ್ ತುಂಬಿದ ಹಳದಿ ಮಬ್ಬು ಪ್ಲಾಸ್ಮಾ ನಿಲ್ಲುತ್ತದೆ. ಅದನ್ನು ಸಣ್ಣ ಗಾಜಿನ ನಳಿಗೆಗೆ ಹಾಕಿ, ಮೈಯ ಕಾವಿನಷ್ಟೇ, 37 ಡಿಗ್ರಿಯಲ್ಲಿಟ್ಟು, ಒಂದು ಪಕ್ಕದಿಂದ ಬೆಳಕು ಹಾಯಿಸಿ ಇನ್ನೊಂದು ಪಕ್ಕದಲ್ಲಿ ಅಳೆಯುವುದು. ಮಬ್ಬಿನಲ್ಲಿ ಬೆಳಕು ಚೆದುರುತ್ತದೆ, ದಾಟುವುದು ಕಡಿಮೆ. ಈಗ ಒಂದು ಹನಿ ಎಡಿಪಿ. ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಹಿಡಿದು ಗುಂಪಾಗುತ್ತಾ ಹೋದಂತೆ ನಡುವೆ ಖಾಲಿ ಜಾಗ ಬಿಡುತ್ತದೆ, ಮಬ್ಬು ತಿಳಿಯಾಗುತ್ತದೆ, ಬೆಳಕು ದಾಟುತ್ತದೆ. ದಾಟಿದ ಬೆಳಕನ್ನು ನಿಮಿಷ ನಿಮಿಷಕ್ಕೂ ಗೆರೆಯಾಗಿ ಬರೆಸಿದರೆ ಮುಗಿಯಿತು. ಪೋರ್ಟ್ಸ್‌ಮತ್‌ನ ಓಬ್ರಿಯನ್ ಎಂಬುವರೂ ಅದೇ ವರ್ಷ ತಮ್ಮಷ್ಟಕ್ಕೆ ಇದೇ ದಾರಿ ಹಿಡಿದಿದ್ದರು. ದ್ರವದೊಳಗೆ ಬೆಳಕು ಹೇಗೆ ಚೆದುರುತ್ತದೆ ಎಂಬುದಕ್ಕೇ ಬದುಕು ಸವೆಸಿದ ರಾಮನ್ ಅವರ ಅತಿಥಿಯ ಮಗ, ಚೆದುರುವ ಬೆಳಕಿನಿಂದಲೇ ರಕ್ತದ ಸ್ವಭಾವವನ್ನು ಓದಿದ್ದು ಕಾಕತಾಳೀಯ ಇರಬಹುದು. ಬೆಂಗಳೂರಿನವನಾದ ನನಗೆ ಅದನ್ನು ಬರೀ ಕಾಕತಾಳೀಯ ಎಂದು ಬಿಟ್ಟುಬಿಡಲು ಮನಸ್ಸಿಲ್ಲ.

ಅರವತ್ತು ವರ್ಷ ದಾಟಿದರೂ ಈ ಪರೀಕ್ಷೆಯ ಒಡಲು ಬದಲಾಗಿಲ್ಲ. ನಳಿಗೆಯ ತಳದಲ್ಲಿ ಪುಟ್ಟ ಲೋಹದ ಕಡ್ಡಿ ಭರ್ರನೆ ತಿರುಗುತ್ತಿರುತ್ತದೆ. ಕಲಕದಿದ್ದರೆ ಪ್ಲೇಟ್‌ಲೆಟ್‌ಗಳು ಕೂಡುವುದಿಲ್ಲ, ಅವಕ್ಕೆ ಪರಸ್ಪರ ಎಡವಬೇಕು. ಪರದೆಯ ಮೇಲೆ ಗೆರೆ ಮೊದಲು ನೆಟ್ಟಗೆ ಅಡ್ಡಡ್ಡ ಹೋಗುತ್ತದೆ, ಸಣ್ಣಗೆ ನಡುಗುತ್ತಾ. ಆ ನಡುಕ ಬಿಲ್ಲೆಗಳು ಉರುಳಾಡುವುದರದ್ದು, ನಡುಗದ ಗೆರೆ ಕಂಡರೆ ಅನುಭವಿ ಟೆಕ್ನಿಷಿಯನ್‌ಗೆ ಅನುಮಾನ ಬರುತ್ತದೆ. ಎಡಿಪಿ ಬಿದ್ದ ಕ್ಷಣ ಗೆರೆ ಮೇಲೇರುವ ಮುನ್ನ ಒಂದಿಷ್ಟು ಕೆಳಗಿಳಿಯುತ್ತದೆ. ಮೊದಲ ಸಲ ನೋಡಿದವರು ಯಂತ್ರ ತಪ್ಪಿತೆಂದುಕೊಳ್ಳಬೇಕು. ಅಲ್ಲಿ ಆಗುತ್ತಿರುವುದು ರೂಪ ಬದಲಾವಣೆ: ಚಪ್ಪಟೆ ಬಿಲ್ಲೆಗಳು ಉರುಟಾಗಿ, ಮೈತುಂಬ ಮುಳ್ಳು ಚಾಚಿ, ಒಂದು ಗಳಿಗೆ ಬೆಳಕಿಗೆ ಇನ್ನಷ್ಟು ಅಡ್ಡವಾಗುತ್ತವೆ. ಆಮೇಲೆ ಕೂಡಾಟ, ಗೆರೆಯ ಏರು. ಕೊಲಾಜೆನ್ ಹಾಕಿದರೆ ಬೇರೆ ಚೆಲುವು. ಅರ್ಧ ಮುಕ್ಕಾಲು ನಿಮಿಷ ಏನೂ ಆಗದು. ಪ್ಲೇಟ್‌ಲೆಟ್‌ಗಳು ಕೊಲಾಜೆನ್ ಎಳೆಗೆ ಅಂಟಿಕೊಂಡು ತಮ್ಮ ಉಗ್ರಾಣ ಬಿಚ್ಚುವ ಹೊತ್ತು ಅದು. ಆ ಮೇಲೆ ಒಮ್ಮೆಲೇ ಕಡಿದಾದ ಏರು. ಅಡ್ರಿನಲಿನ್‌ಗೆ ಎರಡು ಅಲೆ: ಮೊದಲು ಹಿಂಜರಿಕೆಯ ಮೆಟ್ಟಿಲು, ಅಲ್ಲಿ ಸುಧಾರಿಸಿಕೊಂಡು ಎರಡನೆಯ ದೊಡ್ಡ ಜಿಗಿತ. ಮೂರು ಗೆರೆಯನ್ನೂ ಒಂದೇ ಪರದೆಯ ಮೇಲೆ ನೋಡಿದರೆ ಹೆಸರು ಬರೆಯದಿದ್ದರೂ ಯಾವುದು ಯಾವುದರ ಕರೆಗೆ ಎಂದು ಹೇಳಿಬಿಡಬಹುದು.

ಮಾತ್ರೆ ತಿನ್ನುವವರ ಗೆರೆಗಳಲ್ಲಿ ಕಥೆ ಇನ್ನೂ ಬಿಚ್ಚಿಕೊಳ್ಳುತ್ತದೆ. ಆಸ್ಪಿರಿನ್ ಒಳಗಿದ್ದರೆ, ಅದು ಬಂದ್ ಮಾಡಿದ ಕಿಣ್ವದ ಮೂಲಕವೇ ಕೆಲಸ ಮಾಡುವ ಅರಾಕಿಡೋನಿಕ್ ಆಮ್ಲ ಹಾಕಿದ ನಳಿಗೆಯ ಗೆರೆ ಏಳುವುದೇ ಇಲ್ಲ, ಅಡ್ಡಡ್ಡಲೇ ಹೋಗಿ ಪರದೆಯ ಅಂಚು ಮುಟ್ಟುತ್ತದೆ. ಅಡ್ರಿನಲಿನ್ನಿನ ಎರಡನೆಯ ಅಲೆ ಕಾಣೆ. ಕ್ಲೋಪಿಡೊಗ್ರೆಲ್ ಇದ್ದರೆ ಎಡಿಪಿಯ ಗೆರೆ ನೋಡಬೇಕು. ಅದು ಏಳುತ್ತದೆ. ಸ್ವಲ್ಪ ದೂರ ಏರಿ, ಅಲ್ಲಿ ನಿಲ್ಲಲಾರದೆ ಬಾಗಿ, ನಿಧಾನವಾಗಿ ವಾಪಸು ಇಳಿಯುತ್ತದೆ. ಪ್ಲೇಟ್‌ಲೆಟ್‌ಗಳು ಕರೆ ಕೇಳಿದವು, ಕೈ ಚಾಚಿದವು, ಹಿಡಿದವು, ಹಿಡಿತ ನಿಲ್ಲದೆ ಬಿಟ್ಟವು. ಇನ್ನೊಂದು ಬಾಗಿಲು, ಪಿ2ವೈ1, ತೆರೆದೇ ಇರುವುದರಿಂದ ಮೊದಲ ಹೆಜ್ಜೆ ಸಾಧ್ಯವಾಯಿತು. ಹಿಡಿತವನ್ನು ಬಿಗಿಮಾಡುವ ಬಾಗಿಲು ಮುಚ್ಚಿದೆ. ತಿಳಿಯಾದ ದ್ರವ ಮತ್ತೆ ಮಬ್ಬಾಗುವುದನ್ನು ನಾನು ಎಷ್ಟು ಹೊತ್ತು ನೋಡಿದರೂ ನನಗೆ ಸಾಕೆನಿಸಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ದಿನ ಬಿಟ್ಟು ದಿನ ಗೆರೆ ತೆಗೆದು ಒಂದರ ಮೇಲೊಂದು ಇಟ್ಟರೆ, ಇಳಿಜಾರು ದಿನದಿಂದ ದಿನಕ್ಕೆ ಮೇಲೆದ್ದು ಮಟ್ಟಸವಾಗುವುದು ಕಾಣುತ್ತದೆ. ಮಜ್ಜೆಯಿಂದ ಬಂದ ಹೊಸ ಪ್ಲೇಟ್‌ಲೆಟ್‌ಗಳ ಕೆಲಸ ಅದು.

ಹಾಕುವ ರಾಸಾಯನಿಕಗಳಲ್ಲಿ ರಿಸ್ಟೊಸಿಟಿನ್ ಎಂಬುದೊಂದಿದೆ. ಅದು 1950ರ ದಶಕದ ಆ್ಯಂಟಿಬಯೋಟಿಕ್. ರೋಗಿಗಳ ಪ್ಲೇಟ್‌ಲೆಟ್ ಕುಸಿಯಿತೆಂದು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಪ್ಲೇಟ್‌ಲೆಟ್‌ಗಳನ್ನು ಅದು ಗುಂಪು ಮಾಡುತ್ತಿತ್ತು ಎಂದು ಗೊತ್ತಾದ ಮೇಲೆ, 1971ರಲ್ಲಿ ಹೊವರ್ಡ್ ಮತ್ತು ಫಿರ್ಕಿನ್ ಅದೇ ದೋಷವನ್ನು ಪರೀಕ್ಷೆಯ ಸಾಧನ ಮಾಡಿದರು. ಮದ್ದಾಗಿ ಸೋತದ್ದು ಕನ್ನಡಿಯಾಗಿ ಗೆದ್ದಿತು. ಇಂದಿಗೂ ಅದರ ಜಾಗ ಲ್ಯಾಬಿನಲ್ಲಿ ಮಾತ್ರ.

ಇಷ್ಟು ನಾಜೂಕಿನ ಪರೀಕ್ಷೆಗೆ ಮಡಿ ಜಾಸ್ತಿ. ಮಾರೇನಹಳ್ಳಿಯಲ್ಲಿ ಬೆಳಗ್ಗೆ ಆರಕ್ಕೇ ಸ್ಕೂಟರಿನಲ್ಲಿ ರಕ್ತ ತೆಗೆಯುವ ಹುಡುಗರು ಮನೆಮನೆಗೆ ಬರುತ್ತಾರೆ. ಸಕ್ಕರೆ, ಥೈರಾಯ್ಡ್, ಕೊಲೆಸ್ಟರಾಲ್ ಎಲ್ಲವೂ ಅವರ ಹೆಗಲ ಡಬ್ಬಿಯಲ್ಲಿ ಐಸ್ ಪ್ಯಾಕ್ ಪಕ್ಕ ಕೂತು ಊರು ದಾಟುತ್ತವೆ. ಪ್ಲೇಟ್‌ಲೆಟ್‌ಗಳಿಗೆ ಆ ಸವಾರಿ ಆಗದು. ತಣ್ಣಗಾದರೆ ಆಕಾರ ಕೆಡುತ್ತದೆ, ಕುಲುಕಿದರೆ ಮುಂಚೆಯೇ ಕೆರಳಿ ಕೂಡಿಕೊಳ್ಳುತ್ತವೆ, ನಾಲ್ಕು ಗಂಟೆ ದಾಟಿದರೆ ದಣಿಯುತ್ತವೆ. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಡುವಂತಿಲ್ಲ, ತಿಳಿನೀಲಿ ಮುಚ್ಚಳದ ಸಿಟ್ರೇಟ್ ನಳಿಗೆ ಗುರುತಿನಷ್ಟೇ ತುಂಬಬೇಕು, ದೊಡ್ಡ ಆಸ್ಪತ್ರೆಗಳಲ್ಲಿ ಗೋಡೆಯೊಳಗೆ ಗಾಳಿಯ ಒತ್ತಡದಲ್ಲಿ ಮಾದರಿ ಸಾಗಿಸುವ ಕೊಳವೆಯಿದ್ದರೂ ಇದನ್ನು ಕೈಯಲ್ಲೇ ಹಿಡಿದು ಹೋಗಬೇಕು. ಹಿಂದಿನ ರಾತ್ರಿಯ ಜಿಡ್ಡಿನೂಟ ಪ್ಲಾಸ್ಮಾವನ್ನೇ ಹಾಲಾಗಿಸಿ ಬೆಳಕಿನ ಲೆಕ್ಕ ತಪ್ಪಿಸುತ್ತದೆ. ಬೆಳಗಿನ ಕಾಫಿಯೂ ಬೇಡ. ಹೀಗಾಗಿ ಲ್ಯಾಬಿಗೆ ಬರೀ ರಕ್ತ ಹೋದರೆ ಸಾಲದು, ಮನುಷ್ಯನೇ ಹೋಗಬೇಕು, ಅದೂ ಖಾಲಿ ಹೊಟ್ಟೆಯಲ್ಲಿ, ಬೆಂಗಳೂರಿನ ಟ್ರಾಫಿಕ್ ಹಾದು. ಹೃದಯದ ಕಾಯಿಲೆ ಎಂದರೆ ನಮ್ಮ ಕಡೆಯವರು ಮೊದಲು ನೆನೆಯುವುದು ಜಯದೇವ ಆಸ್ಪತ್ರೆ. ತಮಾಷೆಯೆಂದರೆ ಅದರ ಹತ್ತಿರವೂ ಒಂದು ಮಾರೇನಹಳ್ಳಿ ಇದೆ, ಜೆ.ಪಿ. ನಗರದ್ದು. ಆಟೋದವರಿಗೆ ಬರೀ ‘ಮಾರೇನಹಳ್ಳಿ’ ಎಂದರೆ ಊರಿನ ಯಾವ ತುದಿಗೆ ಹೋಗಿ ಇಳಿಸುತ್ತಾರೋ. ಈಗ ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ, ಆರ್.ವಿ. ರಸ್ತೆಯಲ್ಲಿ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಆಸ್ಪತ್ರೆಯ ಹೆಸರಿನ ನಿಲ್ದಾಣದಲ್ಲೇ ಇಳಿಯಬಹುದು.

ಸರ್ಜನ್‌ಗೆ ಇಷ್ಟು ಪುರುಸೊತ್ತು ಇಲ್ಲದಾಗ ಇಡೀ ರಕ್ತವನ್ನೇ ಆಪರೇಷನ್ ಕೋಣೆಯ ಪಕ್ಕದಲ್ಲಿ ನೋಡುವ ಯಂತ್ರಗಳಿವೆ. ಅವುಗಳಲ್ಲಿ ಹಳೆಯ ಮನೆತನ ಥ್ರಾಂಬೋಎಲಾಸ್ಟೋಗ್ರಾಫ್‌ನದು. 1948ರಲ್ಲಿ ಹೈಡೆಲ್‌ಬರ್ಗ್‌ನ ಹೆಲ್ಮುಟ್ ಹಾರ್ಟರ್ಟ್ ಕಂಡುಹಿಡಿದದ್ದು. ಸಣ್ಣ ಬಟ್ಟಲಿನಲ್ಲಿ ಅರ್ಧ ಚಮಚಕ್ಕೂ ಕಡಿಮೆ ರಕ್ತ. ಬಟ್ಟಲು ಐದು ಡಿಗ್ರಿಗೂ ಕಡಿಮೆ ಕೋನದಲ್ಲಿ ಆ ಕಡೆ ಈ ಕಡೆ ಮೆಲ್ಲಗೆ ಹೊರಳುತ್ತದೆ. ಅದರೊಳಗೆ ತಂತಿಯಲ್ಲಿ ತೂಗುಬಿಟ್ಟ ಒಂದು ಮೊಳೆ. ರಕ್ತ ನೀರಾಗಿರುವ ತನಕ ಬಟ್ಟಲಿನ ಹೊರಳಾಟ ಮೊಳೆಗೆ ತಿಳಿಯದು. ಹೆಪ್ಪು ಮೂಡಿ ಎರಡನ್ನೂ ಬೆಸೆದಂತೆ ಮೊಳೆಯೂ ಹೊರಳಲು ಕಲಿಯುತ್ತದೆ, ಒಂಟಿಗೆರೆ ಸೀಳಿ ಎರಡಾಗಿ ಅಗಲವಾಗುತ್ತದೆ. ಅಗಲ ಎಷ್ಟು ಮಿಲಿಮೀಟರ್ ಎಂಬುದೇ ಹೆಪ್ಪಿನ ಬಲ. ಮಾತ್ರೆಯ ಪ್ರಭಾವ ಅಳೆಯಲು ಇದಕ್ಕೊಂದು ಒಳಸುಳಿ ಸೇರಿಸಿದ್ದಾರೆ. ಹೆಪಾರಿನ್ ಹಾಕಿ ರಕ್ತದ ಸ್ವಂತ ಥ್ರಾಂಬಿನ್ ಬಾಯಿ ಕಟ್ಟುವುದು, ಹಾವಿನ ವಿಷದಿಂದ ಬಂದ ಒಂದು ಕಿಣ್ವದಿಂದ ತೆಳು ಜಾಲ ಹೆಣೆಯುವುದು, ಆಮೇಲೆ ಎಡಿಪಿ ಹಾಕಿ ಪ್ಲೇಟ್‌ಲೆಟ್‌ಗಳು ಆ ಜಾಲಕ್ಕೆ ತಮ್ಮ ಪಾಲಿನ ಬಲ ಎಷ್ಟು ಕೂಡಿಸುತ್ತವೆ ಎಂದು ನೋಡುವುದು. ಆಸ್ಟ್ರಿಯಾದ ಗ್ರಾಜ್ ನಗರದ ಮಾಹ್ಲಾ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೈಪಾಸ್ ಆಪರೇಷನ್‌ಗೆ ದಿನ ಗೊತ್ತುಮಾಡಿದ್ದೇ ಈ ಅಗಲ ನೋಡಿ. 50 ಮಿಲಿಮೀಟರ್‌ಗಿಂತ ಹೆಚ್ಚಿದ್ದರೆ ಒಂದು ದಿನದೊಳಗೆ, 35ರಿಂದ 50 ಇದ್ದರೆ 3ರಿಂದ 5 ದಿನ ಬಿಟ್ಟು, 35ಕ್ಕಿಂತ ಕಡಿಮೆ ಇದ್ದರೆ ಇನ್ನೂ ತಡೆದು. ಕ್ಲೋಪಿಡೊಗ್ರೆಲ್ ತಿಂದವರಿಗೂ ತಿನ್ನದವರಿಗೂ ಹೋದ ರಕ್ತ ಹೆಚ್ಚುಕಮ್ಮಿ ಒಂದೇ. ಕಾಯುವ ದಿನಗಳು ಪುಸ್ತಕದ ಲೆಕ್ಕದ ಸುಮಾರು ಅರ್ಧಕ್ಕಿಳಿದವು. ಎದೆನೋವಿನೊಂದಿಗೆ ವಾರ್ಡಿನಲ್ಲಿ ದಿನ ಎಣಿಸುವವರಿಗೆ ಅರ್ಧ ಎಂದರೆ ಏನು ಎಂಬುದು ಆ ಹಾಸಿಗೆಯಲ್ಲಿ ಮಲಗಿದವರಿಗೇ ಗೊತ್ತು.

ಮೆಚ್ಚುವ ಭರದಲ್ಲಿ ಇದಕ್ಕೆ ಇಲ್ಲದ ಬಿರುದು ಕಟ್ಟಬಾರದು. ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಪರೀಕ್ಷೆ ಮಾಡಿ, ಮಾತ್ರೆ ಸಾಲದು ಎಂದು ಕಂಡವರಿಗೆ ಪ್ರಮಾಣ ಎರಡುಪಟ್ಟು ಮಾಡಿದರೆ ಹೃದಯಾಘಾತ ಕಡಿಮೆಯಾದೀತೇ ಎಂದು 2,214 ಜನರಲ್ಲಿ ನೋಡಿದ ಗ್ರಾವಿಟಾಸ್ ಅಧ್ಯಯನ 2011ರಲ್ಲಿ ಕೈಚೆಲ್ಲಿತು. ಗೆರೆ ತಿದ್ದಿದ ಮಾತ್ರಕ್ಕೆ ಹಣೆಬರಹ ತಿದ್ದಲಾಗಲಿಲ್ಲ. ಹೃದಯದ್ದಲ್ಲದ ಆಪರೇಷನ್‌ಗಳಲ್ಲಿ ಆಸ್ಪಿರಿನ್ ಕೊಡುವುದರಿಂದ ಲಾಭವಿಲ್ಲ, ರಕ್ತಸ್ರಾವವೇ ಜಾಸ್ತಿ ಎಂದು ಹತ್ತು ಸಾವಿರ ಜನರ ಪಾಯಿಸ್-2 ಅಧ್ಯಯನ 2014ರಲ್ಲಿ ಹೇಳಿತು. ಅಲ್ಲಿ ಯಾರೂ ಗೆರೆ ನೋಡಿರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಗೆ ಐದು ದಿನ ಕಾಯಿಸುವುದೇ ಅಪಾಯ. ಗೆರೆ ಏನೇ ಹೇಳಲಿ, ಬೇಗ ಆಪರೇಷನ್ ಆಗಬೇಕು. ಕ್ಲೋಪಿಡೊಗ್ರೆಲ್ ಇದೆ ಎಂದು ಬೆನ್ನಿಗೆ ಚುಚ್ಚುವ ಅರಿವಳಿಕೆ ಬಿಟ್ಟು ಪೂರ್ತಿ ಅರಿವಳಿಕೆ ಕೊಡುತ್ತಾರೆ, ಅಷ್ಟೇ. ಪ್ಲೇಟ್‌ಲೆಟ್ ಮಂಕಾಗಿದ್ದರೆ ಹೊಸದನ್ನು ಸುರಿದರಾಯಿತು ಎಂಬ ಸರಳ ಯೋಚನೆಗೂ ಪೆಟ್ಟು ಬಿದ್ದಿದೆ. ಮಿದುಳಿನಲ್ಲಿ ರಕ್ತಸ್ರಾವವಾದವರಿಗೆ ಹಾಗೆ ಕೊಟ್ಟು ನೋಡಿದ 2016ರ ಪ್ಯಾಚ್ ಅಧ್ಯಯನದಲ್ಲಿ, ಪಡೆದವರ ಪಾಡೇ ಹೆಚ್ಚು ಕೆಟ್ಟಿತು. ಗೆರೆಯ ಮಾತು ಸಲ್ಲುವುದು ಸರ್ಜನ್‌ಗೆ ಎರಡು ದಿನ ಆಚೀಚೆ ಮಾಡಲು ಅವಕಾಶವಿರುವಲ್ಲಿ, ಬೈಪಾಸ್‌ನಂಥ ದೊಡ್ಡ ಕೆಲಸದ ಮುಂದೆ.

ನಾನು ತುಂಬಾ ಇಷ್ಟಪಡುವ ಸಂಗತಿ ಒಂದು ಬಾಕಿಯಿದೆ. ರೋಗಿಯ ಗೆರೆಯನ್ನು ತೂಗಲು ಪಕ್ಕದಲ್ಲಿ ಆರೋಗ್ಯವಂತರೊಬ್ಬರ ಗೆರೆ ಬೇಕು. ಆ ಆರೋಗ್ಯವಂತರನ್ನು ಹೊರಗಿನಿಂದ ಹುಡುಕಿ ತರುವುದು ಕಷ್ಟ, ಸಾಮಾನ್ಯವಾಗಿ ಲ್ಯಾಬಿನವರೇ ತೋಳು ಚಾಚುತ್ತಾರೆ. 1980ರಲ್ಲಿ ಅಮೆರಿಕದ ಮಿನೆಸೋಟದ ರಕ್ತತಜ್ಞ ಡೇಲ್ ಹ್ಯಾಮರ್‌ಸ್ಮಿತ್ ಹೀಗೆಯೇ ತಮ್ಮ ರಕ್ತ ಕೊಟ್ಟಾಗ, ಮಾದರಿಯಾಗಬೇಕಿದ್ದ ಅವರ ಗೆರೆಯೇ ಏಳಲಿಲ್ಲ. ಮಾತ್ರೆ ಏನೂ ತಿಂದಿರಲಿಲ್ಲ. ತಿಂದದ್ದು ಚೀನೀ ಹೋಟೆಲಿನ ಮಾಪೊ ತೋಫು. ಬೆನ್ನುಹತ್ತಿ ಹೋದಾಗ ಸಿಕ್ಕಿಬಿದ್ದದ್ದು ಆ ಅಡುಗೆಯಲ್ಲಿ ಹಾಕಿದ್ದ, ಮರದ ಮೇಲೆ ಬೆಳೆಯುವ ಕಪ್ಪು ಅಣಬೆ. ಅವರು ಅದನ್ನು ಚಿಕ್ಕ ಲೇಖನ ಮಾಡಿ ದೊಡ್ಡ ವೈದ್ಯಪತ್ರಿಕೆಗೆ ಕಳಿಸಿದರು, ಅಚ್ಚೂ ಆಯಿತು. ನಮ್ಮ ಲ್ಯಾಬುಗಳಲ್ಲಿ ಅಣಬೆಯ ಕಾಟ ಅಷ್ಟಿಲ್ಲ. ಇಲ್ಲಿಯ ತಾಪತ್ರಯ ತಲೆನೋವಿನ ಗುಳಿಗೆ, ಸೊಂಟನೋವಿನ ಗುಳಿಗೆ, ಜ್ವರಕ್ಕೆ ಕೇಳದೆ ನುಂಗಿದ ಗುಳಿಗೆ. ವಾರದಿಂದ ಅಂಥದ್ದೇನೂ ಮುಟ್ಟದ, ಬೆಳಗ್ಗೆ ಕಾಫಿ ಕುಡಿಯದೆ ಬಂದ ಒಬ್ಬ ಟೆಕ್ನಿಷಿಯನ್ ಬೇಕು. ಹತ್ತು ಜನರಲ್ಲಿ ಕೇಳಿದರೆ ಒಬ್ಬರು ನಿನ್ನೆ ಬ್ರೂಫೆನ್ ತಗೊಂಡೆ ಸಾರ್ ಎನ್ನುತ್ತಾರೆ, ಇನ್ನೊಬ್ಬರು ನಾನು ಹೋದ ವಾರವೇ ಕೊಟ್ಟಿದ್ದೇನೆ ಎಂದು ತೋಳು ಮಡಚಿಕೊಳ್ಳುತ್ತಾರೆ, ಕೊನೆಗೆ ಯಾವಾಗಲೂ ಹೊಸದಾಗಿ ಸೇರಿದವರೇ ಸಿಕ್ಕಿಬೀಳುತ್ತಾರೆ.